ಆಟವೂ ಇರಲಿ, ಓದೂ ಇರಲಿ



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಜತೆಗೆ ಮಕ್ಕಳ ಓದಿನ ಮಾತೂ ಬರುತ್ತದೆ. ಕಾಲೇಜಿಗೆ ಹೋಗುವ ಮಗಳು ಕಬಡ್ಡಿ, ವಾಲಿಬಾಲ್ ಅಥವಾ ಓಟದಲ್ಲಿ ಗೆದ್ದು ಬಂದರೆ ನಮಗೆ ಖುಷಿ. ಆದರೆ ಒಂದು ಸಲ ಅಂಕ ಕಡಿಮೆಯಾದರೆ ಸಾಕು, "ಇನ್ನು ಆಟ ಬಿಡು" ಅಂತೇವೆ. ಬಿಡಿಸುವ ಮೊದಲು ಅವಳ ಒಂದು ದಿನದ ಲೆಕ್ಕ ಹಾಕೋಣ.

ದಿನಕ್ಕೆ ಇರುವುದು 24 ಗಂಟೆ. ನಿದ್ದೆಗೆ 8, ತರಗತಿ ಮತ್ತು ಬಸ್ಸಿಗೆ 8, ಆಟದ ಅಭ್ಯಾಸಕ್ಕೆ 3, ಊಟ, ಸ್ನಾನಕ್ಕೆ 2. ಉಳಿಯುವುದು 3 ಗಂಟೆ. ನೀರು, ಪಾತ್ರೆ, ಅಡುಗೆ ಅಂತ ಅದರಲ್ಲಿ 2 ಗಂಟೆ ನಾವೇ ತೆಗೆದುಕೊಂಡರೆ ಓದಿಗೆ ಉಳಿದದ್ದೆಷ್ಟು? ಓದು ಕೆಟ್ಟದ್ದು ಆಟದಿಂದ ಮಾತ್ರವೇ? ಮಗ ಆಡಲು ಹೋದರೆ ಪಾತ್ರೆ ಯಾರು ತೊಳೀತಾರೆ ಅಂತ ಯಾರೂ ಕೇಳುವುದಿಲ್ಲ. ಮಗಳಿಗೂ ಅದೇ ನ್ಯಾಯ ಬೇಕು.

ಹಾಗೆಂದು ಓದನ್ನು ಬದಿಗಿಡುವಂತಿಲ್ಲ. ಮೊಣಕಾಲಿಗೆ ಒಂದು ಪೆಟ್ಟು ಬಿದ್ದರೆ ಆಟ ನಿಲ್ಲಬಹುದು, ಪದವಿ ಕೈಯಲ್ಲಿರುತ್ತದೆ. ರೈಲ್ವೆಯ ಕ್ರೀಡಾ ಕೋಟಾದಲ್ಲೂ ಮೇಲಿನ ಹುದ್ದೆಗೆ ಪದವಿ ಕೇಳುತ್ತಾರೆ. ನಮ್ಮ ಅನಿಲ್ ಕುಂಬ್ಳೆ ಇಂಜಿನಿಯರಿಂಗ್ ಓದುತ್ತಿದ್ದಾಗಲೇ 1990ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದರು. ಆದರೂ ಪದವಿ ಮುಗಿಸಿದರು. ಟೆಸ್ಟ್‌ನಲ್ಲಿ 619 ವಿಕೆಟ್‌ಗಳನ್ನೂ ಪಡೆದರು.

ನಾವು ಮಾಡಬಹುದಾದದ್ದು:

1. ಹಾಜರಿ: ಸಾಮಾನ್ಯವಾಗಿ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಪಂದ್ಯಕ್ಕೆ ಹೋಗುವ ಮೊದಲೇ ದೈಹಿಕ ಶಿಕ್ಷಣ ನಿರ್ದೇಶಕರಿಂದ ಪತ್ರ ಪಡೆದು ಪ್ರಾಂಶುಪಾಲರಿಗೆ ಕೊಡಲಿ. ತಪ್ಪಿದ ಪಾಠದ ನೋಟ್ಸನ್ನು ಅದೇ ವಾರ ಗೆಳತಿಯಿಂದ ಬರೆದುಕೊಳ್ಳಲಿ. ಪರೀಕ್ಷೆ ತಪ್ಪುವಂತಿದ್ದರೆ ಮುಂಚೆಯೇ ಅಧ್ಯಾಪಕರಿಗೆ ತಿಳಿಸಲಿ.

2. ಪ್ರಮಾಣಪತ್ರ: ಅಂತರ ವಿಶ್ವವಿದ್ಯಾಲಯ ಪಂದ್ಯದ ಪ್ರಮಾಣಪತ್ರ ಮುಂದೆ ಉದ್ಯೋಗಕ್ಕೆ ಬೇಕಾಗಬಹುದು. ಸಂಘದ ಪಾಸ್ ಬುಕ್ಕಿನಷ್ಟೇ ಜೋಪಾನವಾಗಿಡಿ.

3. ಊಟ: ರಾಗಿ, ಸೊಪ್ಪು, ಕಾಳು, ಶೇಂಗಾ, ಆದರೆ ಮೊಟ್ಟೆ. ಊಟದೊಟ್ಟಿಗೆ ಚಹಾ ಬೇಡ, ಅದು ಕಬ್ಬಿಣದ ಅಂಶ ಮೈಗೆ ಹತ್ತಲು ಬಿಡುವುದಿಲ್ಲ, ನಿಂಬೆಹಣ್ಣು ನೆರವಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಮುಟ್ಟು ತಿಂಗಳುಗಟ್ಟಲೆ ನಿಂತರೆ "ಆಟದಿಂದ ಹಾಗೆ" ಅಂತ ಸುಮ್ಮನಿರದೆ ವೈದ್ಯರಿಗೆ ತೋರಿಸಿ.

4. ನಿದ್ದೆ: ಪರೀಕ್ಷೆ ಸಮಯದಲ್ಲಿ ಅಭ್ಯಾಸ ಕಡಿಮೆ ಮಾಡಲಿ, ನಿದ್ದೆ ಕಡಿಮೆ ಮಾಡುವುದು ಬೇಡ.

ಸಂಘದಲ್ಲಿ ಚರ್ಚಿಸೋಣ:

* ನಮ್ಮ ಮನೆಯಲ್ಲಿ ಮಗ, ಮಗಳು ದಿನಕ್ಕೆ ಎಷ್ಟೆಷ್ಟು ಗಂಟೆ ಮನೆಕೆಲಸ ಮಾಡುತ್ತಾರೆ?
* ಆಟ ಬಿಟ್ಟ ಹೆಣ್ಣುಮಕ್ಕಳು ನಮ್ಮೂರಲ್ಲಿ ಎಷ್ಟಿದ್ದಾರೆ? ಬಿಡಿಸಿದವರು ಯಾರು?

ಮುಂದಿನ ಸಭೆಗೆ ಬರುವಾಗ ಪ್ರತಿ ಸದಸ್ಯೆಯೂ ಮಗಳ ಒಂದು ದಿನದ ವೇಳಾಪಟ್ಟಿಯನ್ನು ಅವಳ ಜತೆ ಕೂತು ಬರೆದು ತರೋಣ.