ಶಾಲೆಯ ಆಯ್ಕೆ: ಹಕ್ಕು ಮತ್ತು ಸೌಲಭ್ಯ

ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂಬುದು ಕುಟುಂಬದ ನಿರ್ಧಾರ. ಆದರೆ ಆರಿಸಿಕೊಳ್ಳಲು ಎಂತಹ ಶಾಲೆಗಳು ಲಭ್ಯವಿರುತ್ತವೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ರಾಜ್ಯದ ಶಿಕ್ಷಣ ನೀತಿ. ಗಡಿನಾಡಿನ ಕನ್ನಡಿಗರಿಗೆ ಈ ವ್ಯತ್ಯಾಸ ಮುಖ್ಯವಾದುದು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನದ 7ನೆಯ ತಿದ್ದುಪಡಿಯು 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧಿಸಲು ಸಾಕಷ್ಟು ಸೌಲಭ್ಯ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಅಲ್ಪಸಂಖ್ಯಾತರಿಗೆ 30ನೆಯ ವಿಧಿ ಮೊದಲೇ ನೀಡಿತ್ತು. ಬೋಧನಾ ಮಾಧ್ಯಮವು ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯೂ ಹೇಳಿತು.

2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಕರ್ನಾಟಕದ ಭಾಷಾನೀತಿಯ ಪ್ರಕರಣದಲ್ಲಿ ತೀರ್ಪಿತ್ತಿತು. ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಆರಿಸುವ ಸ್ವಾತಂತ್ರ್ಯ ಮಗುವಿನದು, ಮಗುವಿನ ಪರವಾಗಿ ಪೋಷಕರದು. ಮಾತೃಭಾಷಾ ಮಾಧ್ಯಮವನ್ನು ರಾಜ್ಯವು ಕಡ್ಡಾಯಗೊಳಿಸಲಾಗದು ಎಂಬುದು ಅದರ ಸಾರ. ಕರ್ನಾಟಕದಲ್ಲಿ ಇದನ್ನು ಕನ್ನಡ ಮಾಧ್ಯಮಕ್ಕೆ ಬಿದ್ದ ಪೆಟ್ಟೆಂದು ಅನೇಕರು ಭಾವಿಸಿದರು. ಗಡಿಯಾಚೆ ಅದೇ ತತ್ತ್ವಕ್ಕೆ ಇನ್ನೊಂದು ಮುಖವಿದೆ: ಕನ್ನಡವನ್ನು ಆರಿಸುವ ಸ್ವಾತಂತ್ರ್ಯವೂ ಪೋಷಕರದೇ.

ಆದರೆ ಒತ್ತಾಯವಿಲ್ಲದಿರುವುದು ಬೇರೆ, ಸೌಲಭ್ಯವಿರುವುದು ಬೇರೆ. ಮೊದಲನೆಯದಕ್ಕೆ ತೀರ್ಪು ಸಾಕು. ಎರಡನೆಯದಕ್ಕೆ ನಡೆದು ತಲುಪಬಹುದಾದ ದೂರದಲ್ಲಿ ಕನ್ನಡ ವಿಭಾಗ, ಸಕಾಲದಲ್ಲಿ ಪಠ್ಯಪುಸ್ತಕ, ಎಲ್ಲಕ್ಕಿಂತ ಮಿಗಿಲಾಗಿ ಕನ್ನಡ ಬಲ್ಲ ಶಿಕ್ಷಕರು ಬೇಕು. ಕನ್ನಡ ಅರಿಯದ ಗಣಿತ ಶಿಕ್ಷಕರನ್ನು ಕನ್ನಡ ವಿಭಾಗಕ್ಕೆ ನೇಮಿಸಿದರೆ, ದಾಖಲೆಯಲ್ಲಿ ಕನ್ನಡ ಮಾಧ್ಯಮ ಉಳಿಯುತ್ತದೆ, ತರಗತಿಯಲ್ಲಿ ಉಳಿಯುವುದಿಲ್ಲ. ಪಾಠ ಅರ್ಥವಾಗದ ಮಗುವನ್ನು ಪೋಷಕರು ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರುಗಳು ಕಡಿಮೆಯಾಗುತ್ತವೆ. ಕೊನೆಗೆ ಆ ಕಡಿಮೆ ಸಂಖ್ಯೆಯೇ ಕನ್ನಡಕ್ಕೆ ಬೇಡಿಕೆಯಿಲ್ಲವೆಂಬುದಕ್ಕೆ ಆಧಾರವಾಗುತ್ತದೆ. ಅನಿವಾರ್ಯತೆಯು ಹೀಗೆ ಆಯ್ಕೆಯೆಂಬ ಹೆಸರು ಪಡೆಯುತ್ತದೆ.

350ಎ ವಿಧಿಯ ಮಾತು ಪ್ರಾಥಮಿಕ ಹಂತಕ್ಕೆ ಸೀಮಿತವೆಂಬುದೂ ಗಮನಾರ್ಹ. ಮುಂದೆ ಪ್ರೌಢಶಾಲೆಯಲ್ಲಿ ಕನ್ನಡ ದೊರೆಯದೆಂದು ತಿಳಿದ ಕುಟುಂಬವು ಒಂದನೆಯ ತರಗತಿಯಲ್ಲೇ ಅದನ್ನು ಕೈಬಿಡಬಹುದು. ಆದುದರಿಂದ ಆಯ್ಕೆಯನ್ನು ವಿಸ್ತರಿಸುವ ನೀತಿಯನ್ನು ಶಾಲೆಗಳ ಸಂಖ್ಯೆಯಿಂದ ಮಾತ್ರ ಅಳೆಯಲಾಗದು. ಆರಿಸಿಕೊಂಡ ಭಾಷೆಯಲ್ಲಿ ಮಗು ಕೊನೆಯ ತರಗತಿಯವರೆಗೂ ಕಲಿಯಬಲ್ಲದೇ ಎಂಬುದೇ ಅದರ ನಿಜವಾದ ಒರೆಗಲ್ಲು.