ಪ್ರಸಂಗ ಕೇಳುವುದು ಹೇಗೆ? ಗಡಿಭಾಗದ ಹೊಸಬರಿಗೆ

ಪ್ರಸಂಗ ಮಾಡುವವರನ್ನು ತಯಾರು ಮಾಡಲು ಸೆಮಿನರಿಗಳಿವೆ. ಕೇಳುವವರಿಗೆ ಅಂಥ ಶಾಲೆಯಿಲ್ಲ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಕನ್ನಡದವರಿಗೆ ಇನ್ನೊಂದು ತೊಡಕೂ ಉಂಟು. ಮನೆಯಲ್ಲಿ ಕನ್ನಡ, ಚರ್ಚಿನಲ್ಲಿ ಹೆಚ್ಚಾಗಿ ಮರಾಠಿ.

ಹಂತ 1: ಶನಿವಾರ ರಾತ್ರಿ ಓದಿಕೊಳ್ಳಿ

ಮರುದಿನದ ವಾಕ್ಯಭಾಗ ಯಾವುದೆಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಅದನ್ನು ಕನ್ನಡ ಬೈಬಲಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಮರಾಠಿಯಲ್ಲಿ ಪುಸ್ತಕಗಳ ಹೆಸರೇ ಬೇರೆ: ನಮ್ಮ ವಿಮೋಚನಕಾಂಡ ಅಲ್ಲಿ ನಿರ್ಗಮ, ಕೀರ್ತನೆಗಳು ಸ್ತೋತ್ರಸಂಹಿತಾ, ಜ್ಞಾನೋಕ್ತಿಗಳು ನೀತಿಸೂತ್ರೆ. ಈ ಪಟ್ಟಿಯನ್ನು ಬೈಬಲಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡರೆ, ಪಾಸ್ಟರ್ ಅಧ್ಯಾಯ ಹೇಳುವಾಗ ಪಕ್ಕದವರ ಮುಖ ನೋಡಬೇಕಾಗುವುದಿಲ್ಲ.

ಹಂತ 2: ನಿದ್ದೆ ಮಾಡಿ ಬನ್ನಿ

ಮಗ್ಗದ ರಾತ್ರಿ ಪಾಳಿ ಮುಗಿಸಿ ನೇರ ಚರ್ಚಿಗೆ ಬರುವವರಿಗೆ ಈ ಮಾತು. ಪೌಲ ನಡುರಾತ್ರಿಯವರೆಗೆ ಮಾತಾಡುತ್ತಿದ್ದಾಗ ಕಿಟಕಿಯಲ್ಲಿ ಕುಳಿತಿದ್ದ ಯೂತಿಖನೆಂಬ ಯುವಕ ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದ. ಬದುಕಿಕೊಂಡ, ಅದು ಅವನ ಪುಣ್ಯ. ನೀವು ಒಂದೆರಡು ತಾಸಾದರೂ ಮಲಗೆದ್ದು ಬನ್ನಿ, ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ.

ಹಂತ 3: ಮೂರೇ ಸಾಲು ಬರೆಯಿರಿ

ವಾಕ್ಯಭಾಗ, ಅದರ ಮುಖ್ಯ ಮಾತು, ನಿಮಗೆ ಹುಟ್ಟಿದ ಒಂದು ಪ್ರಶ್ನೆ. ಎಲ್ಲವನ್ನೂ ಬರೆಯಲು ಹೋದರೆ ಕೈ ಓಡುತ್ತದೆ, ಕಿವಿ ಹಿಂದೆ ಉಳಿಯುತ್ತದೆ. ಮೊಬೈಲ್ ಬೇಡ.

ಹಂತ 4: ಪರೀಕ್ಷಿಸಿ, ಆದರೆ ಅಂಕ ಕೊಡಬೇಡಿ

ಬೆರೋಯ ಪಟ್ಟಣದವರು ಪೌಲನ ಮಾತನ್ನೂ ದಿನದಿನ ಶಾಸ್ತ್ರ ತೆರೆದು ನೋಡಿದರು. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯ ಅದಕ್ಕಾಗಿ ಅವರನ್ನು ಹೊಗಳುತ್ತದೆ. ಆದ್ದರಿಂದ ಬೋಧಕರು ಹೇಳಿದ್ದು ಆ ವಾಕ್ಯದಲ್ಲಿ ನಿಜಕ್ಕೂ ಇದೆಯೇ ಎಂದು ನೋಡುವುದು ಅಗೌರವವಲ್ಲ. ಧ್ವನಿ ಚೆನ್ನಾಗಿತ್ತು, ಕಥೆ ಉದ್ದವಾಯಿತು ಎಂದು ನಾಟಕ ನೋಡಿ ಬಂದವರ ಹಾಗೆ ಮಾತಾಡುವುದು ಬೇರೆ ಸಂಗತಿ. ಬಿತ್ತುವವನ ಸಾಮ್ಯದಲ್ಲಿ ಬಿತ್ತಿದವನೂ ಒಬ್ಬನೇ, ಬೀಜವೂ ಒಂದೇ. ಬೆಳೆ ಹೆಚ್ಚುಕಡಿಮೆಯಾದದ್ದು ನೆಲದಿಂದ. ಗಡಹಿಂಗ್ಲಜದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಂತ 5: ಸೋಮವಾರದ ಕೆಲಸ

ಹೆಚ್ಚಿನವರು ಎಡವುವುದು ಇಲ್ಲಿಯೇ. ಯಾಕೋಬನ ಪತ್ರದ 5ನೆಯ ಅಧ್ಯಾಯ ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟುಕೊಂಡವರನ್ನು ಗದರಿಸುತ್ತದೆ. ಅದರ ಮೇಲೆ ಪ್ರಸಂಗ ನಡೆದಾಗ ನಮಗೆ ಥಟ್ಟನೆ ನೆನಪಾಗುವುದು ಎದುರು ಮನೆಯ ಸಾಹುಕಾರ! ಅವನನ್ನು ಬಿಡಿ. ಕಬ್ಬು ಕಡಿದವರಿಗೆ ನೀವು ಕೊಡಬೇಕಾದ ಬಾಕಿ ಇದೆಯೇ? ಮಗ್ಗ ನಡೆಸುವವನ ಪಗಾರ ಮುಂದಿನ ವಾರಕ್ಕೆ ದೂಡಿದ್ದೀರಾ? ಮನೆಗೆಲಸದ ಅಕ್ಕನ ಲೆಕ್ಕ ಚುಕ್ತಾ ಆಗಿದೆಯೇ? ಭಾನುವಾರ ಸಂಜೆಯೇ ಲೆಕ್ಕದ ಪುಸ್ತಕ ತೆರೆಯಿರಿ, ಸೋಮವಾರ ಹಣ ಕೊಡಿ. ಐದು ತೀರ್ಮಾನ ಮಾಡಿ ಮರೆಯುವುದಕ್ಕಿಂತ ಒಂದನ್ನು ಮಾಡಿ ಮುಗಿಸುವುದು ಮೇಲು.

ಕೊಡುವುದು ಏನೂ ಇಲ್ಲದವರು, ಅಂದರೆ ಕೂಲಿ ಸಿಗಬೇಕಾದವರೇ, ಅದೇ ಪ್ರಸಂಗವನ್ನು ಕೇಳಿ ತಮ್ಮ ಹಕ್ಕಿನ ಹಣ ಕೇಳಲು ಧೈರ್ಯ ತಂದುಕೊಳ್ಳಲಿ, ಅದೂ ಫಲವೇ.

ಹಂತ 6: ಬಾಗಿಲಲ್ಲಿ ಕೇಳಿ

ಹಂತ 3ರಲ್ಲಿ ಬರೆದ ಪ್ರಶ್ನೆ ಮನೆಗೆ ಹೋಗುವುದು ಬೇಡ. ಆರಾಧನೆ ಮುಗಿದು ಪಾಸ್ಟರ್ ಬಾಗಿಲಲ್ಲಿ ಕೈಕುಲುಕಲು ನಿಂತಿರುತ್ತಾರೆ. ಅರ್ಧ ಮರಾಠಿ, ಅರ್ಧ ಕನ್ನಡವಾದರೂ ಸರಿ, ಅಲ್ಲೇ ಕೇಳಿಬಿಡಿ.