ಗೊಬ್ಬರ ಹಾಕಿದರೂ ಪೈರಿಗೆ ಹಸಿವೇಕೆ?



ಹರಿಹರ ತಾಲ್ಲೂಕಿನ ಒಂದು ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಗೊಬ್ಬರಕ್ಕೆಂದು ಎರಡನೇ ಸಲ ಸಾಲ ಕೇಳಿದರು. "ಎಷ್ಟು ಸುರಿದ್ರೂ ಭತ್ತ ಮ್ಯಾಲೆ ಏಳವಲ್ದು ಸಿಸ್ಟರ್" ಎಂದರು. ನಾವು ಗದ್ದೆಗೆ ಹೋಗಿ ನೋಡಿದೆವು. ನಾಟಿಯಾಗಿ ಮೂರು ವಾರ. ಎಲೆ ಮೇಲೆ ತುಕ್ಕಿನಂಥ ಚುಕ್ಕಿ, ಬದುವಿನ ಅಂಚಿಗೆ ಬಿಳೀ ಉಪ್ಪು.

ಭದ್ರಾ ನಾಲೆಯ ನೀರು ಬಸಿದು ಹೋಗಲು ದಾರಿಯಿಲ್ಲದ ತಗ್ಗಿನ ಎರೆಭೂಮಿಯಲ್ಲಿ ಹೀಗಾಗುತ್ತದೆ. ನೀರು ಬಿಸಿಲಿಗೆ ಆರುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಇದೇ ಚೌಳು. ಮರುಭೂಮಿಯಲ್ಲಿ ಮಳೆ ಸಾಲದೆ ಉಪ್ಪು ನಿಲ್ಲುತ್ತದೆ, ನಮ್ಮಲ್ಲಿ ನೀರು ಹೆಚ್ಚಾಗಿ!

ಬೇರು ನೀರಿನಲ್ಲಿ ಕರಗಿದ ಪೋಷಕಾಂಶವನ್ನು ಮಾತ್ರ ಹೀರುತ್ತದೆ. ಮಣ್ಣು ಹುಳಿಯೋ ಕ್ಷಾರವೋ ಎಂಬ ಅಳತೆಗೆ ರಸಸಾರ ಎನ್ನುತ್ತಾರೆ. 7 ಇದ್ದರೆ ಸಮ. ಅದು 8 ದಾಟಿ ಏರಿದಂತೆಲ್ಲ ಸತು, ಕಬ್ಬಿಣ ಕರಗದೆ ಮಣ್ಣಿನಲ್ಲೇ ಕೂರುತ್ತವೆ. ಕಣಜದ ತುಂಬ ಕಾಳಿದೆ, ಬೀಗದಕೈ ಕಳೆದಿದೆ. ಡಿಎಪಿ ಅತಿಯಾದರೆ ಅದರ ರಂಜಕದಿಂದ ಸತುವಿನ ಕೊರತೆ ಇನ್ನೂ ಹೆಚ್ಚುತ್ತದೆ. ಸಾಲದ ದುಡ್ಡಿನಿಂದಲೇ ಪೈರಿಗೆ ಕೇಡು ಮಾಡಿದ ಹಾಗಾಯ್ತಲ್ಲ!

ಅದೇ ಬದುವಿನಲ್ಲಿ ಬಳ್ಳಾರಿ ಜಾಲಿ ಮಾತ್ರ ಹಸಿರಾಗಿತ್ತು. ಅಮೆರಿಕದ ಒಣನಾಡುಗಳಿಂದ ಬಂದ ಗಿಡ ಅದು. ಉಪ್ಪು ತಡೆಯುತ್ತದೆ, ಬೇರು ಬಲು ಆಳಕ್ಕಿಳಿಯುತ್ತದೆ, ಬೇರುಗಂಟಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಒದಗಿಸುತ್ತವೆ. ಭತ್ತಕ್ಕೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು?

ಆ ತುಕ್ಕಿನ ಚುಕ್ಕಿಗೆ ಖೈರಾ ಎಂದು ಹೆಸರು. ಇದಕ್ಕೆ ರೋಗಾಣುವಲ್ಲ, ಸತುವಿನ ಕೊರತೆಯೇ ಕಾರಣ ಎಂದು 1966ರಲ್ಲಿ ಪಂತನಗರದ ವಿಜ್ಞಾನಿ ವೈ.ಎಲ್. ನೆನೆ ತೋರಿಸಿದರು. ನಾಟಿಗೆ ಮುಂಚೆ ಎಕರೆಗೆ 10 ಕೆ.ಜಿ. ಜಿಂಕ್ ಸಲ್ಫೇಟ್ ಹಾಕಬೇಕು, ಡಿಎಪಿ ಜೊತೆ ಬೆರೆಸಬಾರದು. ನಿಂತ ಪೈರಿಗಾದರೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಸೇರಿಸಿ, ಸೋಸಿ ಸಿಂಪಡಿಸಿ. ದಾವಣಗೆರೆ ಕಡೆ ಮೆಕ್ಕೆಜೋಳ ಹಾಕುವವರು ಎಳೆ ಎಲೆಯಲ್ಲಿ ನಡುನರದ ಎರಡೂ ಬದಿ ಬಿಳಿ ಪಟ್ಟೆ ಇದೆಯೇ ನೋಡಿ. ಅದೂ ಸತುವಿನ ಹಸಿವೇ.

ಚೌಳು ಎಂದ ಕೂಡಲೇ ಜಿಪ್ಸಂ ತರಲು ಓಡಬೇಡಿ. ಸೋಡಿಯಂ ಹೆಚ್ಚಿದ್ದರೆ ಮಾತ್ರ ಅದು ಬೇಕು. ಬರೀ ಉಪ್ಪಾದರೆ ಒಳ್ಳೆಯ ನೀರು ಹಾಯಿಸಿ ಬಸಿಗಾಲುವೆಯಿಂದ ಹೊರಗೆ ಬಿಡಬೇಕು. ಯಾವುದೆಂದು ಕಣ್ಣಿಗೆ ಗೊತ್ತಾಗದು, ಮಣ್ಣು ಪರೀಕ್ಷೆಯೇ ಆಗಬೇಕು. ಬದು, ತಿಪ್ಪೆ, ಮರದ ನೆರಳು ಬಿಟ್ಟು ಎಂಟು-ಹತ್ತು ಕಡೆ ಆರಿಂಚು ಆಳದವರೆಗಿನ ಮಣ್ಣು ತೆಗೆಯಿರಿ. ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆ.ಜಿ. ಬಟ್ಟೆಚೀಲದಲ್ಲಿ ಕಟ್ಟಿ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಗೊಬ್ಬರದ ಖಾಲಿ ಚೀಲ ಮಾತ್ರ ಬೇಡ!

ಆ ದಿನ ಸಂಘವು ಯೂರಿಯಾಕ್ಕೆ ಸಾಲ ಕೊಡಲಿಲ್ಲ, ಜಿಂಕ್ ಸಲ್ಫೇಟಿಗೆ ಕೊಟ್ಟಿತು. ಆಕೆಗೆ ಬೇಜಾರಾಯ್ತು, ಎರಡು ವಾರ ಸಭೆಗೇ ಬರಲಿಲ್ಲ. ಈಗ ಅದೇ ಸಂಘದಲ್ಲಿ ಗೊಬ್ಬರದ ಸಾಲ ಕೇಳಿದವರಿಗೆ "ಮಣ್ಣಿನ ಚೀಟಿ ಎಲ್ಲಿ?" ಎಂದು ಮೊದಲು ಕೇಳುವವರು ಆಕೆಯೇ.